ಉಪಕಾರವಾಯಿತೆಂದು ತಿಳಿಯುವುದು ಹೇಗೆ?

ನಮ್ಮ ಶಾಲೆಯಲ್ಲಿ ಕಲಿತು ಹೋದ ಮಕ್ಕಳಲ್ಲಿ ದಾದಿಯರಾದವರೂ ಉಪಾಧ್ಯಾಯಿನಿಯರಾದವರೂ ಅನೇಕರಿರುವುದು ವಾಚಕರಿಗೆ ತಿಳಿದೇ ಇದೆ. ಈಚೆಗೆ ಕೆಲವು ವರ್ಷಗಳಿಂದ ಅವರೊಳಗೆ ಬೇರೊಂದು ವೃತ್ತಿಯನ್ನು ಆರಿಸಿಕೊಂಡವರೂ ಕಾಣಿಸಿಕೊಳ್ಳುತ್ತಿದ್ದಾರೆ. ಅದು ಆಪ್ತಸಮಾಲೋಚನೆ ಎಂಬ ವೃತ್ತಿ. ಕಳವಳಗೊಂಡವರ ಮಾತನ್ನು ತಾಳ್ಮೆಯಿಂದ ಕೇಳಿ, ಅವರು ತಮ್ಮ ದಾರಿಯನ್ನು ತಾವೇ ಕಂಡುಕೊಳ್ಳುವಂತೆ ನೆರವಾಗುವುದು ಇದರ ಕೆಲಸ. ಈ ವಿದ್ಯೆಯನ್ನು ಕಲಿಯುವವರು ಕೊನೆಯ ವರ್ಷದಲ್ಲಿ ಸಂಶೋಧನೆಯೊಂದನ್ನು ನಡೆಯಿಸಿ ಪ್ರಬಂಧವನ್ನು ಬರೆದೊಪ್ಪಿಸಬೇಕಾಗುತ್ತದೆ. ಆಗ ಅವರಿಗೆ ಮೊದಲು ನೆನಪಾಗುವುದು ತಾವು ಕಲಿತ ಶಾಲೆಯೇ. ಆದಕಾರಣ ವರ್ಷಕ್ಕೆ ಒಬ್ಬಿಬ್ಬರಾದರೂ ಪ್ರಶ್ನಾವಳಿಗಳ ಕಟ್ಟನ್ನು ಕೈಯಲ್ಲಿ ಹಿಡಿದು ನಮ್ಮ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಾರೆ.

ಹೋದ ಜೂನ್ ತಿಂಗಳಲ್ಲಿ ಹಾಗೆ ಬಂದ ಒಬ್ಬಳ ಯೋಚನೆ ಹೀಗಿತ್ತು: ಒಂಬತ್ತನೆಯ ತರಗತಿಯಲ್ಲಿ ಎಲ್ಲರಿಗಿಂತ ಕಡಿಮೆ ಅಂಕ ಪಡೆದ ಹತ್ತು ಮಂದಿ ಹುಡುಗಿಯರನ್ನು ಆರಿಸುವುದು, ಅವರೊಡನೆ ವಾರಕ್ಕೊಮ್ಮೆಯಂತೆ ಆರು ವಾರ ಮಾತಾಡುವುದು, ಮುಂದಿನ ಪರೀಕ್ಷೆಯಲ್ಲಿ ಅಂಕಗಳು ಏರಿದರೆ ಸಮಾಲೋಚನೆಯಿಂದ ಪ್ರಯೋಜನವಾಯಿತೆಂದು ಬರೆಯುವುದು. “ಏರಿಯೇ ಏರುತ್ತವೆ, ಟೀಚರ್,” ಎಂದಳು. “ಏರಲಿ ಮಗು. ಆದರೆ ನೀನು ಮಾತಾಡಿದ್ದರಿಂದಲೇ ಏರಿದವೆಂದು ಹೇಗೆ ಬಲ್ಲೆ?” ಎಂದು ನಾವು ಕೇಳಿದೆವು. ಅವಳ ಮುಖ ಸಪ್ಪಗಾಯಿತು. ತನ್ನಲ್ಲಿ ನಮಗೆ ನಂಬಿಕೆಯಿಲ್ಲವೆಂದು ತಿಳಿದಳೋ ಏನೋ. ಅಂದು ಅರ್ಧ ಗಂಟೆಯಲ್ಲಿ ಹೇಳಿ ಮುಗಿಸಲಾರದೆ ಹೋದುದನ್ನು ಇಲ್ಲಿ ಬರೆಯುತ್ತೇವೆ. ಇಂಥ ಪ್ರಯೋಗಗಳಿಗೆ ತಮ್ಮ ಮಕ್ಕಳನ್ನು ಕೊಡುವುದಾಗಿ ಸಹಿಹಾಕಬೇಕಾದ ತಾಯಿತಂದೆಗಳಿಗೂ ಇದು ಉಪಯೋಗಕ್ಕೆ ಬಂದೀತು.

ಆ ಪ್ರಶ್ನೆಯನ್ನು ನಾವು ಕಲಿತದ್ದು ಪುಸ್ತಕದಿಂದಲ್ಲ, ನಮ್ಮದೇ ಒಂದು ತಪ್ಪಿನಿಂದ. ನಾವು ಇನ್ನೂ ಸಹೋಪಾಧ್ಯಾಯಿನಿಯಾಗಿದ್ದಾಗ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ತೀರ ಹಿಂದೆಬಿದ್ದ ಹನ್ನೆರಡು ಹುಡುಗಿಯರನ್ನು ಶುಕ್ರವಾರದ ಸಾಯಂಕಾಲ ಹೊಲಿಗೆಯ ಕೋಣೆಯಲ್ಲಿ ಕೂಡಿಸಿಕೊಂಡು, ಅವರ ಮನೆಯ ಕಷ್ಟಸುಖಗಳನ್ನು ವಿಚಾರಿಸಿ ಧೈರ್ಯ ಹೇಳುತ್ತಿದ್ದೆವು. ವಾರ್ಷಿಕ ಪರೀಕ್ಷೆಯಲ್ಲಿ ಅವರಲ್ಲಿ ಒಂಬತ್ತು ಮಂದಿ ಮೇಲಕ್ಕೆ ಬಂದರು. ಆ ವರ್ಷದ ವರದಿಯಲ್ಲಿ ಈ ಸಂಗತಿಯನ್ನು ನಾವೇ ಬರೆದು ಸೇರಿಸಿದೆವು. ಬರೆಯುವಾಗ ಹೆಮ್ಮೆಯಿಲ್ಲದೆ ಇರಲಿಲ್ಲ. ಕೆಲವು ವರ್ಷಗಳ ತರುವಾಯ ಕಾಯಿಲೆಯ ನಿಮಿತ್ತ ನಾವು ಬಹುಕಾಲ ರಜೆಯಲ್ಲಿರಬೇಕಾಯಿತು. ಶುಕ್ರವಾರದ ಕೂಟ ನಿಂತುಹೋಯಿತು. ಆಮೇಲೆ ಬೇರಾವುದೋ ಕೆಲಸಕ್ಕಾಗಿ ಅಂಕಗಳ ರಿಜಿಸ್ಟರನ್ನು ತಿರುವುತ್ತಿದ್ದಾಗ, ಆ ವರ್ಷ ಅರ್ಧವಾರ್ಷಿಕದಲ್ಲಿ ಕೊನೆಯಲ್ಲಿದ್ದ ಹನ್ನೆರಡು ಹೆಸರುಗಳ ಮೇಲೆ ಕಣ್ಣು ಬಿತ್ತು. ಕುತೂಹಲದಿಂದ ಎಣಿಸಿ ನೋಡಿದರೆ ಎಂಟು ಮಂದಿ ಮೇಲಕ್ಕೆ ಬಂದಿದ್ದರು. ಅವರೊಡನೆ ಯಾರೂ ಹೊಲಿಗೆಯ ಕೋಣೆಯಲ್ಲಿ ಕುಳಿತು ಮಾತಾಡಿರಲಿಲ್ಲ.

ಇದರಲ್ಲಿ ಮಾಯೆಯೇನೂ ಇಲ್ಲ. ಒಂದು ಪರೀಕ್ಷೆಯಲ್ಲಿ ಸಿಕ್ಕುವ ಅಂಕದಲ್ಲಿ ಹುಡುಗಿಯ ನಿಜವಾದ ಶಕ್ತಿಯದು ಒಂದು ಪಾಲಾದರೆ, ಆ ದಿನದ ಅದೃಷ್ಟದ್ದು ಇನ್ನೊಂದು ಪಾಲು. ಒಬ್ಬಳಿಗೆ ಹಿಂದಿನ ರಾತ್ರಿ ಜ್ವರ. ಇನ್ನೊಬ್ಬಳು ಓದದೆ ಬಿಟ್ಟ ಪಾಠದಿಂದಲೇ ದೊಡ್ಡ ಪ್ರಶ್ನೆ. ಮತ್ತೊಬ್ಬಳ ಮನೆಯಲ್ಲಿ ಅದೇ ವಾರ ಸಾವು. ಕೊನೆಯ ಹನ್ನೆರಡು ಮಂದಿಯನ್ನು ಆರಿಸಿದೆವೆಂದರೆ ಶಕ್ತಿ ಕಡಿಮೆಯಿದ್ದವರನ್ನು ಮಾತ್ರವಲ್ಲ, ಆ ದಿನ ಅದೃಷ್ಟ ಕೆಟ್ಟವರನ್ನೂ ಆರಿಸಿದಂತಾಯಿತು. ಅದೇ ದುರದೃಷ್ಟ ಮುಂದಿನ ಪರೀಕ್ಷೆಗೂ ಅವರೆಲ್ಲರನ್ನು ಹಿಂಬಾಲಿಸಿ ಬರುವುದಿಲ್ಲ. ಆದುದರಿಂದ ಅವರ ಸರಾಸರಿ ತಾನಾಗಿ ಏರುತ್ತದೆ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಎಂಬ ವಿದ್ವಾಂಸನು ೧೮೮೬ರಲ್ಲಿ ತಂದೆತಾಯಿಗಳ ಮತ್ತು ಅವರ ಮಕ್ಕಳ ಎತ್ತರಗಳನ್ನು ಹೋಲಿಸಿ ಇದೇ ಸಂಗತಿಯನ್ನು ತೋರಿಸಿದನು. ಬಹಳ ಎತ್ತರದವರ ಮಕ್ಕಳು ಸರಾಸರಿಯಲ್ಲಿ ತಂದೆತಾಯಿಗಳಿಗಿಂತ ಕುಳ್ಳರಾಗಿಯೂ, ಬಹಳ ಕುಳ್ಳರ ಮಕ್ಕಳು ಅವರಿಗಿಂತ ಎತ್ತರವಾಗಿಯೂ ಇದ್ದರು. ನಮ್ಮ ರಿಜಿಸ್ಟರಿನಲ್ಲಿಯೂ ಮೊದಲಿನ ಹನ್ನೆರಡು ಮಂದಿಯನ್ನು ನೋಡಿದರೆ ಮುಂದಿನ ಪರೀಕ್ಷೆಯಲ್ಲಿ ಅವರು ಕೊಂಚ ಇಳಿದಿರುವುದು ಕಾಣುತ್ತದೆ. ಅದಕ್ಕಾಗಿ ಯಾರೂ ವರದಿ ಬರೆಯುವುದಿಲ್ಲ. ಅಹಂಕಾರ ಬಂತೆಂದು ಗದರಿಸುತ್ತೇವೆ, ಅಷ್ಟೇ.

ಆಪ್ತಸಮಾಲೋಚಕಿಗೆ ಈ ಎಚ್ಚರಿಕೆ ಉಪಾಧ್ಯಾಯಿನಿಗಿಂತಲೂ ಹೆಚ್ಚು ಬೇಕು. ಜನರು ಅವಳ ಬಳಿಗೆ ಬರುವುದು ದುಃಖ ಮೇರೆಮೀರಿದ ದಿನದಲ್ಲಿ. ಯಾರೂ ಏನೂ ಮಾಡದಿದ್ದರೂ ಎರಡು ತಿಂಗಳಲ್ಲಿ ಅನೇಕರ ದುಃಖ ಕೊಂಚ ಇಳಿದೇ ಇಳಿಯುತ್ತದೆ. ಅಲ್ಲದೆ ಹುಡುಗಿಯರು ದಯೆ ತೋರಿದವರ ಮನಸ್ಸನ್ನು ನೋಯಿಸಲಾರರು; “ಈಗ ಹೇಗಿದ್ದೀ?” ಎಂದರೆ “ಚೆನ್ನಾಗಿದ್ದೇನೆ, ಟೀಚರ್,” ಎನ್ನುತ್ತಾರೆ. ಹೀಗಿರಲು ನೆರವಾದವಳ ಸಾಕ್ಷ್ಯವೂ ನೆರವು ಪಡೆದವಳ ಸಾಕ್ಷ್ಯವೂ ಸಾಲದೆ ಹೋಗುತ್ತವೆ. ಬೇಕಾದದ್ದು ಹೋಲಿಕೆ. ಎಲ್ಲ ವಿಷಯಗಳಲ್ಲಿಯೂ ಇವರಂತೆಯೇ ಇದ್ದು, ಈ ಒಂದು ನೆರವನ್ನು ಮಾತ್ರ ಪಡೆಯದಿದ್ದವರು ಅಷ್ಟೇ ಕಾಲದಲ್ಲಿ ಏನಾದರು?

ಆದರೆ ಎಲ್ಲ ವಿಷಯಗಳಲ್ಲಿ ಸಮಾನರಾದವರನ್ನು ಎಲ್ಲಿಂದ ತರುವುದು? ತಾವಾಗಿ ಬಂದವರನ್ನು ಬಾರದವರೊಡನೆ ಹೋಲಿಸಿದರೆ ಆಗುವುದಿಲ್ಲ. ಸಮಾಲೋಚಕಿಯ ಬಳಿಗೆ ಪದೇ ಪದೇ ಹೋಗುವ ಹುಡುಗಿಯರ ಅಂಕಗಳು ಕಡಿಮೆಯೆಂದು ಕಂಡುಬಂದರೆ, ಸಮಾಲೋಚನೆಯಿಂದ ಅಂಕ ಇಳಿಯಿತೆಂದು ಹೇಳಬಹುದೇ? ತೊಂದರೆಯಲ್ಲಿದ್ದವರೇ ಹೆಚ್ಚಾಗಿ ಹೋಗುತ್ತಾರೆ. ಎರಡು ಸಂಗತಿಗಳು ಜೊತೆಯಾಗಿ ನಡೆದವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಸಮೀಕ್ಷೆಗಳಿಂದಲೂ ಒಬ್ಬೊಬ್ಬರ ವೃತ್ತಾಂತಗಳಿಂದಲೂ ಬಹಳ ವಿಷಯಗಳನ್ನು ಕಲಿಯಬಹುದು. ಏನನ್ನು ಕೇಳಬೇಕೆಂಬುದು ನಮಗೆ ಹೊಳೆಯುವುದೇ ಅವುಗಳಿಂದ. ಕಾರಣವನ್ನು ಸಿದ್ಧಪಡಿಸುವುದು ಮಾತ್ರ ಅವುಗಳಿಗೆ ಕಷ್ಟ.

ಇದಕ್ಕೆ ಉಪಾಯವು ಹೊಲದಿಂದ ಬಂದಿತು. ಹೊಸ ಗೊಬ್ಬರವನ್ನು ಬಾವಿಯ ಬದಿಯ ಗದ್ದೆಗೆ ಹಾಕಿ, ಹಳೆಯದನ್ನು ದಿಣ್ಣೆಯ ಗದ್ದೆಗೆ ಹಾಕಿದರೆ ಫಸಲು ಹೆಚ್ಚಿದ್ದು ಗೊಬ್ಬರದಿಂದಲೋ ನೀರಿನಿಂದಲೋ ತಿಳಿಯದೆಂಬುದನ್ನು ಯಾವ ರೈತನಾದರೂ ಬಲ್ಲನು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿನ ಬೇಸಾಯದ ಸಂಶೋಧನಾಲಯದಲ್ಲಿ ಕೆಲಸ ಮಾಡಿದ ರೊನಾಲ್ಡ್ ಫಿಷರ್ ಎಂಬವನು, ಯಾವ ತುಂಡು ಹೊಲಕ್ಕೆ ಯಾವ ಗೊಬ್ಬರವೆಂಬುದನ್ನು ನಮ್ಮ ಇಷ್ಟಕ್ಕೆ ಬಿಡದೆ ಚೀಟಿಯೆತ್ತಿದಂತೆ ಗೊತ್ತುಮಾಡಬೇಕೆಂದು ಬೋಧಿಸಿದನು. ೧೯೩೫ರಲ್ಲಿ ಪ್ರಯೋಗಗಳ ರಚನೆಯನ್ನು ಕುರಿತು ಒಂದು ಗ್ರಂಥವನ್ನೇ ಬರೆದನು. ಚೀಟಿಗೆ ಪಕ್ಷಪಾತವಿಲ್ಲ. ನಮಗೆ ತಿಳಿದ ಭೇದಗಳನ್ನೂ, ನಾವು ಊಹಿಸಿಯೂ ಇರದ ಭೇದಗಳನ್ನೂ ಅದು ಎರಡು ಕಡೆಗೂ ಸುಮಾರು ಸಮವಾಗಿ ಹಂಚುತ್ತದೆ. ಆಮೇಲೆ ಎರಡು ಪಂಗಡಗಳಲ್ಲಿ ದೊಡ್ಡ ವ್ಯತ್ಯಾಸ ಕಂಡುಬಂದರೆ ನಾವು ಮಾಡಿದ ಕೆಲಸವೇ ಅದಕ್ಕೆ ಕಾರಣವೆಂದು ಧೈರ್ಯವಾಗಿ ಹೇಳಬಹುದು.

ಹೊಲದ ಮಾತು ಸರಿ. ಮಕ್ಕಳ ವಿಷಯದಲ್ಲಿ ಚೀಟಿಯೆತ್ತಿ ಕೆಲವರಿಗೆ ಉಪಕಾರ ಮಾಡುವುದೂ ಕೆಲವರನ್ನು ಕೈಬಿಡುವುದೂ ಕ್ರೂರವಲ್ಲವೇ ಎಂದು ನೀವು ಕೇಳುವಿರಿ. ನಮ್ಮ ವಿದ್ಯಾರ್ಥಿನಿಯೂ ಕೇಳಿದಳು. ಇದಕ್ಕೆ ಉತ್ತರವಾಗಿ ಅಮೆರಿಕದಲ್ಲಿ ನಡೆದ ಒಂದು ವೃತ್ತಾಂತವನ್ನು ಹೇಳಬೇಕು. ಸಮಾಲೋಚನೆಯನ್ನು ಕಲಿಯುವ ಪ್ರತಿಯೊಬ್ಬರೂ ಇದನ್ನು ತಿಳಿದಿರಬೇಕೆಂಬುದು ನಮ್ಮ ಅಭಿಪ್ರಾಯ.

ಬಾಸ್ಟನ್ ನಗರದ ಪಕ್ಕದಲ್ಲಿ ಕೇಂಬ್ರಿಜ್, ಸಾಮರ್ವಿಲ್ ಎಂಬ ಎರಡು ಊರುಗಳಿವೆ. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯನೂ ಅಧ್ಯಾಪಕನೂ ಆಗಿದ್ದ ರಿಚರ್ಡ್ ಕ್ಲಾರ್ಕ್ ಕ್ಯಾಬಟ್ ಎಂಬವನು ಅಲ್ಲಿನ ಬಡ ಬೀದಿಗಳ ಹುಡುಗರು ದಾರಿತಪ್ಪಿ ಸೆರೆಮನೆಯ ಪಾಲಾಗುವುದನ್ನು ಕಂಡು ಮರುಗಿದನು. ಅಂಥ ಹುಡುಗನಿಗೆ ಹಿರಿಯ ಮಿತ್ರನೊಬ್ಬನು ಸಿಕ್ಕಿ, ಮನೆಗೆ ಬಂದು ಹೋಗುತ್ತ ಅವನ ಕಷ್ಟಗಳಲ್ಲಿ ನೆರವಾದರೆ ಅವನು ಒಳ್ಳೆಯವನಾಗುವನೆಂದು ನಂಬಿದನು. ಆದರೆ ಆತನ ದೊಡ್ಡತನವೇನೆಂದರೆ, ನಂಬಿದ ಮಾತ್ರಕ್ಕೆ ತೃಪ್ತನಾಗಲಿಲ್ಲ. ಎಳೆಯ ಹುಡುಗರನ್ನು ವಯಸ್ಸು, ಬುದ್ಧಿಶಕ್ತಿ, ಮನೆಯ ಸ್ಥಿತಿ, ನೆರೆಹೊರೆ ಮೊದಲಾದವುಗಳಲ್ಲಿ ಒಬ್ಬನಿಗೊಬ್ಬನು ಹೋಲುವಂತೆ ಜೋಡಿಗಳಾಗಿ ಮಾಡಿಸಿ, ಪ್ರತಿಯೊಂದು ಜೋಡಿಯಲ್ಲಿ ನೆರವು ಯಾರಿಗೆಂಬುದನ್ನು ನಾಣ್ಯ ಚಿಮ್ಮಿ ಗೊತ್ತುಮಾಡಿಸಿದನು. ಕೊನೆಯವರೆಗೆ ಲೆಕ್ಕದಲ್ಲಿ ಉಳಿದವರು ೫೦೬ ಮಂದಿ: ನೆರವು ಪಡೆದವರು ೨೫೩, ಪಡೆಯದವರು ೨೫೩. ೧೯೩೯ರಲ್ಲಿ ಕೆಲಸ ಆರಂಭವಾಯಿತು. ಕ್ಯಾಬಟನು ಅದೇ ವರ್ಷ ತೀರಿಕೊಂಡನು. ಕೆಲಸ ಮಾತ್ರ ೧೯೪೫ರವರೆಗೆ ನಡೆಯಿತು.

ಮಾಡಿದ ಉಪಕಾರವು ಅಲ್ಪವಲ್ಲ. ಸಲಹೆಗಾರರು ಸುಮಾರು ಹದಿನೈದು ದಿನಕ್ಕೊಮ್ಮೆ ಮನೆಗಳಿಗೆ ಹೋಗುತ್ತಿದ್ದರು. ಒಬ್ಬೊಬ್ಬ ಹುಡುಗನಿಗೆ ಸರಾಸರಿ ಐದು ವರ್ಷ ಈ ಸ್ನೇಹ ದೊರೆಯಿತು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಪಾಠ ಹೇಳಿಸಿದರು. ನೂರಕ್ಕೆ ಮೀರಿ ಹುಡುಗರಿಗೆ ವೈದ್ಯರ ಅಥವಾ ಮಾನಸಿಕ ತಜ್ಞರ ನೆರವು ಕೊಡಿಸಿದರು. ಅನೇಕರನ್ನು ಬೇಸಿಗೆಯ ಶಿಬಿರಗಳಿಗೆ ಕಳುಹಿಸಿದರು. ಯಾವ ಶಾಲೆ ತಾನೇ ಇಷ್ಟನ್ನು ಮಾಡೀತು?

೧೯೫೧ರಲ್ಲಿ ಮೊದಲನೆಯ ವರದಿ ಅಚ್ಚಾದಾಗ ಅಪರಾಧಗಳ ವಿಷಯದಲ್ಲಿ ಎರಡು ಪಂಗಡಗಳಿಗೂ ಹೇಳಿಕೊಳ್ಳುವಂಥ ಭೇದ ಕಾಣಲಿಲ್ಲ. ಫಲವು ತಡವಾಗಿ ಕಂಡೀತೆಂದು ಸಮಾಧಾನಪಟ್ಟವರಿದ್ದರು. ೧೯೭೦ರ ದಶಕದಲ್ಲಿ ಜೋನ್ ಮ್ಯಾಕಾರ್ಡ್ ಎಂಬ ಪಂಡಿತೆಯು, ಅಷ್ಟರಲ್ಲಿ ನಡುವಯಸ್ಕರಾಗಿದ್ದ ಆ ಹುಡುಗರನ್ನು ಹುಡುಕಿಸಿದಳು. ಬಹುಮಟ್ಟಿಗೆ ಎಲ್ಲರೂ ಪತ್ತೆಯಾದರು. ನ್ಯಾಯಾಲಯಗಳ, ಆಸ್ಪತ್ರೆಗಳ, ಮರಣಗಳ ದಾಖಲೆಗಳನ್ನು ನೋಡಿದಳು. ಅವರಿಗೆ ಕಾಗದ ಬರೆದು ಕೇಳಿದಳು. ನೆರವು ಪಡೆದವರಲ್ಲಿ ಉತ್ತರ ಕೊಟ್ಟವರ ಪೈಕಿ ಮೂರರಲ್ಲಿ ಎರಡು ಪಾಲು ಜನರು, ತಮಗೆ ಅದರಿಂದ ಉಪಕಾರವಾಯಿತೆಂದು ಬರೆದರು. ಕೆಲವರು ತಮ್ಮ ಸಲಹೆಗಾರರನ್ನು ಪ್ರೀತಿಯಿಂದ ನೆನೆದರು. ಕಾಗದಗಳಲ್ಲಿ ಇದ್ದದ್ದು ಹೀಗೆ. ದಾಖಲೆಗಳು ಹೇಳಿದ್ದೇ ಬೇರೆ. ಅಪರಾಧ ಮಾಡಿದವರ ಸಂಖ್ಯೆ ಎರಡು ಪಂಗಡಗಳಲ್ಲಿಯೂ ಸುಮಾರು ಒಂದೇ ಇತ್ತು; ಒಂದು ಸಲ ತಪ್ಪಿದವರಲ್ಲಿ ಎರಡನೆಯ ಸಲ ತಪ್ಪಿದವರು ನೆರವು ಪಡೆದ ಪಂಗಡದಲ್ಲಿಯೇ ಹೆಚ್ಚು. ಕುಡಿತದ ಚಟದ ಲಕ್ಷಣಗಳು, ಗಂಭೀರವಾದ ಮನೋರೋಗಗಳು ಅವರಲ್ಲಿಯೇ ಹೆಚ್ಚು. ಸತ್ತವರನ್ನು ಹೋಲಿಸಿದರೆ ನೆರವು ಪಡೆದವರು ಇನ್ನೂ ಚಿಕ್ಕ ವಯಸ್ಸಿನಲ್ಲಿಯೇ ಸತ್ತಿದ್ದರು. ಈ ಸಂಗತಿಗಳನ್ನು ಮ್ಯಾಕಾರ್ಡಳು ೧೯೭೮ರಲ್ಲಿ ಪ್ರಕಟಿಸಿದಳು.

ಹೀಗೇಕಾಯಿತು? ಹಿರಿಯರ ಆಸರೆಗೆ ಒಗ್ಗಿಹೋದ ಹುಡುಗರು ಅದು ತಪ್ಪಿದಾಗ ಕಂಗೆಟ್ಟಿರಬಹುದು. ಲೋಕದಿಂದ ಬಹಳವನ್ನು ನಿರೀಕ್ಷಿಸಿ ನಿರಾಶರಾಗಿರಬಹುದು. ನೆರವು ಬೇಕಾದವನೆಂದು ಕರೆಯಿಸಿಕೊಂಡು ತನ್ನಲ್ಲೇ ಏನೋ ಕೊರತೆಯಿದೆಯೆಂದು ನಂಬಿರಬಹುದು. ಮುಂದೆ ಇನ್ನೂ ಸೂಕ್ಷ್ಮವಾಗಿ ಪರಿಶೀಲಿಸಿದಾಗ, ಒಂದಕ್ಕಿಂತ ಹೆಚ್ಚು ಸಲ ಬೇಸಿಗೆಯ ಶಿಬಿರಗಳಿಗೆ ಹೋದವರಲ್ಲಿ ಕೇಡು ಹೆಚ್ಚಾಗಿದ್ದದ್ದು ಕಂಡುಬಂದಿತು. ಪುಂಡ ಹುಡುಗರು ಒಂದೆಡೆ ಕೂಡಿದಾಗ ಒಬ್ಬರಿಂದೊಬ್ಬರು ಕಲಿಯುವುದು ಪುಂಡಾಟವನ್ನೇ ಎಂಬ ಊಹೆಗೆ ಇದು ಬಲಕೊಟ್ಟಿತು. ಇವೆಲ್ಲವೂ ಊಹೆಗಳೇ ಸರಿ. ಆದರೆ ಆ ೨೫೩ ಮಂದಿ ಬಿಟ್ಟ ಹುಡುಗರು ಲೆಕ್ಕದಲ್ಲಿ ಇರದಿದ್ದರೆ, ಪ್ರೀತಿಯ ಕಾಗದಗಳೇ ಪ್ರಮಾಣವಾಗಿ, ಅದೇ ಕೆಲಸ ನೂರು ಊರುಗಳಲ್ಲಿ ನಡೆಯುತ್ತಿತ್ತು. ಈಗ ಹೇಳಿ: ನಾಣ್ಯದಿಂದ ಕೈಬಿಡಲ್ಪಟ್ಟವರು ಯಾರು? ಚಿಮ್ಮುವಾಗ ಯಾರೂ ಅದನ್ನು ಬಲ್ಲವರಾಗಿರಲಿಲ್ಲ. ನೆರವಿನಿಂದ ಒಳಿತೋ ಕೆಡುಕೋ ಎಂಬುದು ನಿಜವಾಗಿ ತಿಳಿಯದಿರುವಾಗ ಮಾತ್ರ ಚೀಟಿಯೆತ್ತುವುದು ನ್ಯಾಯ, ತಿಳಿದಿದ್ದರೆ ಅನ್ಯಾಯ.

ನಮ್ಮ ದೇಶದ ಒಂದು ಪ್ರಯೋಗವನ್ನೂ ಹೇಳಬೇಕು, ಅದು ಉಪಾಧ್ಯಾಯಿನಿಯರಾದ ನಮ್ಮ ಮನಸ್ಸಿಗೆ ಹಿತವಲ್ಲದಿದ್ದರೂ. ಬಿಹಾರದ ನಳಂದಾ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ‘ಸಂಗಾತ್’ ಎಂಬ ಸಂಸ್ಥೆಯವರು ಅದನ್ನು ನಡೆಯಿಸಿದರು. ಫಲಿತಾಂಶವು ೨೦೧೮ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಯಲ್ಲಿ ಬಂದಿತು. ಒಂದೇ ಶಾಲೆಯ ಹುಡುಗಿಯರನ್ನು ಎರಡು ಪಂಗಡ ಮಾಡಿದರೆ ಒಬ್ಬಳಿಗೆ ಹೇಳಿದ್ದನ್ನು ಇನ್ನೊಬ್ಬಳು ಊಟದ ಬಿಡುವಿನಲ್ಲಿ ಕೇಳಿಬಿಡುತ್ತಾಳಷ್ಟೆ. ಆದುದರಿಂದ ಅಲ್ಲಿ ಮಕ್ಕಳಿಗಲ್ಲ, ಶಾಲೆಗಳಿಗೇ ಚೀಟಿಯೆತ್ತಿದರು. ಲೆಕ್ಕಕ್ಕೆ ಬಂದ ಶಾಲೆಗಳು ೭೪. ಒಂದು ಪಾಲಿನ ಶಾಲೆಗಳಲ್ಲಿ, ತರಬೇತಿ ಹೊಂದಿದ ಸಾಮಾನ್ಯ ಸಮಾಲೋಚಕರು ಆರೋಗ್ಯದ ಕೂಟಗಳು, ಗೋಡೆಪತ್ರಿಕೆ, ದೂರುಪೆಟ್ಟಿಗೆ, ಒಬ್ಬೊಬ್ಬರೊಡನೆ ಮಾತುಕತೆ ಮೊದಲಾದವುಗಳನ್ನು ನಡೆಯಿಸಿದರು. ಎರಡನೆಯ ಪಾಲಿನಲ್ಲಿ ಅದೇ ಕೆಲಸವನ್ನು ಆಯಾ ಶಾಲೆಯ ಉಪಾಧ್ಯಾಯರೇ ನಡೆಯಿಸಿದರು. ಮೂರನೆಯ ಪಾಲಿನಲ್ಲಿ ವಾಡಿಕೆಯ ಕಾರ್ಯಕ್ರಮವಷ್ಟೇ. ಸಮಾಲೋಚಕರಿದ್ದ ಶಾಲೆಗಳಲ್ಲಿ ವಾತಾವರಣವು ಬಹಳ ಸುಧಾರಿಸಿತು. ಮಕ್ಕಳ ಖಿನ್ನತೆ, ಒಬ್ಬರನ್ನೊಬ್ಬರು ಪೀಡಿಸುವುದು, ಹೊಡೆದಾಟ ಇವು ಕಡಿಮೆಯಾದವು. ಉಪಾಧ್ಯಾಯರು ನಡೆಯಿಸಿದ ಶಾಲೆಗಳಿಗೂ ವಾಡಿಕೆಯ ಕಾರ್ಯಕ್ರಮವಷ್ಟೇ ಇದ್ದ ಶಾಲೆಗಳಿಗೂ ಭೇದವೇ ಕಾಣಲಿಲ್ಲ. ಇದನ್ನು ಮೊದಲು ಓದಿದಾಗ ನಮಗೆ ನೋವಾದದ್ದು ಸುಳ್ಳಲ್ಲ. ಪಾಠ, ತಿದ್ದುವಿಕೆ, ಲೆಕ್ಕಪತ್ರಗಳ ನಡುವೆ ಉಪಾಧ್ಯಾಯರಿಗೆ ವೇಳೆ ಎಲ್ಲಿಯದು ಎಂದು ನಮ್ಮವರ ಪಕ್ಷವನ್ನು ವಹಿಸಿದೆವು. ಆಮೇಲೆ ಯೋಚಿಸಿದಾಗ, ಅಂಕವನ್ನೂ ಶಿಕ್ಷೆಯನ್ನೂ ಕೊಡುವ ಕೈಗೆ ಹುಡುಗಿಯು ತನ್ನ ಗುಟ್ಟನ್ನು ಹೇಗೆ ಒಪ್ಪಿಸಿಯಾಳು ಎಂದೂ ತೋರಿತು. ಶುಕ್ರವಾರದ ಆ ಹೊಲಿಗೆಯ ಕೋಣೆ ಮತ್ತೆ ನೆನಪಿಗೆ ಬಂದಿತು.

ಇನ್ನು ಸಂಖ್ಯೆಯ ಮಾತು. ಹತ್ತು ಮಂದಿಯಲ್ಲಿ ಏಳು ಮಂದಿ ಸುಧಾರಿಸಿದರೆಂಬುದು ದೊಡ್ಡ ಮಾತಾಗಿ ಕೇಳಿಸುತ್ತದೆ. ಒಂದು ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ ಏಳು ಅಥವಾ ಅದಕ್ಕಿಂತ ಹೆಚ್ಚು ಸಲ ಒಂದೇ ಗೊತ್ತಾದ ಮುಖ ಬೀಳುವ ಸಂಭವವು ನೂರಕ್ಕೆ ೧೭ರಷ್ಟು, ಸುಮಾರು ಆರರಲ್ಲಿ ಒಂದು. ನೂರು ಸಲ ಚಿಮ್ಮಿ ಎಪ್ಪತ್ತು ಅಥವಾ ಹೆಚ್ಚು ಬೀಳುವ ಸಂಭವವಾದರೋ ಸುಮಾರು ೨೫,೦೦೦ದಲ್ಲಿ ಒಂದು. ಪ್ರಮಾಣ ಒಂದೇ, ನಂಬಿಕೆಗೆ ಅರ್ಹತೆ ಬೇರೆ.

ಅಳತೆಗೋಲೂ ಸರಿಯಾಗಿರಬೇಕು. ನಮ್ಮಲ್ಲಿಗೆ ಹಿಂದೊಮ್ಮೆ ಬಂದ ಒಂದು ಪ್ರಶ್ನಾವಳಿಯನ್ನು ಇಂಗ್ಲಿಷಿನಿಂದ ಕನ್ನಡಿಸಿದ್ದರು. ‘ನಿನ್ನ ವಿಷಯದಲ್ಲಿ ನಿನಗೆ ಹೆಮ್ಮೆಯಿದೆಯೇ?’ ಎಂದು ಒಂದು ಪ್ರಶ್ನೆ. ಹೆಮ್ಮೆಯೆಂದರೆ ಗರ್ವವೆಂದು ತಿಳಿದ ನಮ್ಮ ಹುಡುಗಿಯರು ಒಬ್ಬರಾದ ಮೇಲೊಬ್ಬರು ‘ಇಲ್ಲ’ ಎಂದು ಗುರುತುಮಾಡಿದರು. ಇಡೀ ತರಗತಿಗೆ ಆತ್ಮವಿಶ್ವಾಸವಿಲ್ಲವೆಂದು ಲೆಕ್ಕವಾಯಿತು! ಕನ್ನಡಿಸಿದ್ದನ್ನು ಮೂಲವನ್ನು ನೋಡದ ಇನ್ನೊಬ್ಬರಿಂದ ತಿರುಗಿ ಇಂಗ್ಲಿಷಿಗೆ ಮಾಡಿಸಿ ಹೋಲಿಸಬೇಕು. ಅದಾದ ಮೇಲೆ ನಾಲ್ಕು ಹುಡುಗಿಯರನ್ನು ಕೂಡಿಸಿಕೊಂಡು ‘ಇದರಿಂದ ನಿನಗೇನು ತಿಳಿಯಿತು?’ ಎಂದು ಕೇಳಬೇಕು. ಎರಡನೆಯದೇ ಹೆಚ್ಚು ಉಪಯುಕ್ತವೆಂದು ನಮ್ಮ ಅನುಭವ.

ಒಪ್ಪಿಗೆಯ ವಿಷಯದಲ್ಲಿ ತಾಯಿತಂದೆಗಳು ತಿಳಿದಿರಬೇಕಾದದ್ದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ೨೦೧೭ರಲ್ಲಿ ಪ್ರಕಟಿಸಿದ ನಿಯಮಗಳ ಮೇರೆಗೆ ಹದಿನೆಂಟು ವರ್ಷದೊಳಗಿನವರ ಮೇಲೆ ಸಂಶೋಧನೆ ನಡೆಯಿಸಲು ಪೋಷಕರ ಒಪ್ಪಿಗೆ ಬೇಕು. ಅದಲ್ಲದೆ ಮಗುವಿನ ಸಮ್ಮತಿಯೂ ಬೇಕು. ಪೋಷಕರು ಸಹಿ ಹಾಕಿದರೂ ಹುಡುಗಿಯು ‘ಒಲ್ಲೆ’ ಎಂದರೆ ಮುಗಿಯಿತು. ನಡುವೆ ಬಿಟ್ಟುಹೋಗುವ ಸ್ವಾತಂತ್ರ್ಯವೂ ಅವಳಿಗಿದೆ. ಮುಖ್ಯೋಪಾಧ್ಯಾಯಿನಿ ಹೇಳಿದಳೆಂಬ ಕಾರಣಕ್ಕೆ ಒಪ್ಪುವುದು ಒಪ್ಪಿಗೆಯಲ್ಲ. ಆದಕಾರಣ ಈ ವಿಷಯವನ್ನು ಹುಡುಗಿಯರಿಗೆ ವಿವರಿಸುವಾಗ ನಾವು ಆ ಕೋಣೆಯಲ್ಲಿ ಇರುವುದಿಲ್ಲ.

ನಮ್ಮ ವಿದ್ಯಾರ್ಥಿನಿಯು ಜುಲೈ ತಿಂಗಳಲ್ಲಿ ತಿರುಗಿ ಬಂದಳು. ಈ ಸಲ ಯೋಚನೆ ಬೇರೆ. ಅವಳೂ ಅವಳ ಇಬ್ಬರು ಸಹಪಾಠಿಗಳೂ ಮೂರು ಶಾಲೆಗಳಲ್ಲಿ ಒಂದೇ ಕ್ರಮವನ್ನು ಅನುಸರಿಸಿ ಲೆಕ್ಕವನ್ನು ಒಟ್ಟುಗೂಡಿಸುವರು. ಒಂದೊಂದು ಶಾಲೆಯಲ್ಲಿ, ಕಡಿಮೆ ಅಂಕದವರನ್ನೇ ಆರಿಸದೆ, ಇಷ್ಟಪಟ್ಟ ನಲವತ್ತು ಮಂದಿ. ಚೀಟಿಯೆತ್ತಿ ಇಪ್ಪತ್ತು ಮಂದಿಗೆ ಈ ಅವಧಿಯಲ್ಲಿ, ಉಳಿದ ಇಪ್ಪತ್ತು ಮಂದಿಗೆ ಲೆಕ್ಕ ಮುಗಿದ ಮೇಲೆ ಮಾರ್ಚಿಯಲ್ಲಿ. ಹೀಗೆ ಯಾರೂ ತಪ್ಪಿಹೋಗುವುದಿಲ್ಲ. ಯಾವುದನ್ನು ಅಳೆದು ಫಲವೆಂದು ಎಣಿಸುವರೆಂಬುದನ್ನು ಮೊದಲೇ ಬರೆದು ಅವಳ ಅಧ್ಯಾಪಕರ ವಶಕ್ಕೆ ಕೊಟ್ಟಿದ್ದಾಳೆ. ಹತ್ತು ಅಳತೆಗಳನ್ನು ಅಳೆದು ಏರಿದ ಒಂದನ್ನು ಮಾತ್ರ ಬರೆಯುವ ಚಪಲಕ್ಕೆ ಇದೇ ಮದ್ದು. ಹೆಸರುಗಳ ಬದಲು ಸಂಖ್ಯೆಗಳು. ಉತ್ತರಗಳನ್ನು ಎಣಿಸುವವರಿಗೆ ಯಾರು ಯಾವ ಪಂಗಡವೆಂದು ಗೊತ್ತಿರುವುದಿಲ್ಲ. ಒಂದೇ ಶಾಲೆಯೊಳಗೆ ಮಾತು ಹರಡುವ ದೋಷ ಉಳಿದೇ ಇದೆ. ಅದನ್ನು ಪ್ರಬಂಧದಲ್ಲಿ ಒಪ್ಪಿಕೊಂಡು ಬರೆಯುವಳು. ಯಾವಳಾದರೂ ಹುಡುಗಿಯ ಉತ್ತರಗಳಲ್ಲಿ ಅಪಾಯದ ಸೂಚನೆ ಕಂಡರೆ ಅವಳಿಗೆ ಚೀಟಿಯ ನಿಯಮವಿಲ್ಲ. ಆ ದಿನವೇ ಲೆಕ್ಕದಿಂದ ತೆಗೆದು ನೆರವು ಕೊಡತಕ್ಕದ್ದು.

ಆಗಸ್ಟ್ ತಿಂಗಳಲ್ಲಿ ಹೊಲಿಗೆಯ ಕೋಣೆಯಲ್ಲಿಯೇ ಚೀಟಿಗಳನ್ನು ಎತ್ತಿಸಿದೆವು. ಬಿಳಿಯ ಚೀಟಿ ಬಂದ ಒಬ್ಬಳು ಜಗಲಿಯಲ್ಲಿ ನಿಂತು ಅಳುತ್ತಿದ್ದಳು. ಅವಳ ಚೀಟಿಯನ್ನು ಬದಲಾಯಿಸಿಬಿಡಲು ನಮ್ಮ ಕೈ ತಡೆಯಲಾರದಷ್ಟು ಆತುರಪಟ್ಟಿತು. ಹಾಗೆ ಮಾಡಿದ್ದರೆ ಅಳುವವರೆಲ್ಲ ಒಂದು ಪಂಗಡಕ್ಕೂ ಸುಮ್ಮನಿರುವವರೆಲ್ಲ ಇನ್ನೊಂದಕ್ಕೂ ಸೇರಿ, ಚೀಟಿಯೆತ್ತಿದ್ದೇ ವ್ಯರ್ಥವಾಗುತ್ತಿತ್ತು. ಸಮಾಲೋಚಕಿಯು ಅವಳನ್ನು ಪ್ರತ್ಯೇಕವಾಗಿ ಕಂಡು ವಿಚಾರಿಸಿದಳು. ಸ್ನೇಹಿತೆಗೆ ಕೆಂಪು ಚೀಟಿ ಬಂದು ತನಗೆ ಬಿಳಿಯದು ಬಂದಿತೆಂಬುದಷ್ಟೇ ದುಃಖ, ಬೇರೇನೂ ಇರಲಿಲ್ಲ. ಪಂಗಡಗಳ ಪಟ್ಟಿಯನ್ನು ಲಕೋಟೆಯಲ್ಲಿಟ್ಟು ಅರಗಿನ ಮುದ್ರೆ ಹಾಕಿ ನಮ್ಮ ಕೋಣೆಯ ಬೀರುವಿನಲ್ಲಿ ಇಟ್ಟಿದ್ದೇವೆ. ಎಣಿಕೆ ಮುಗಿಯುವವರೆಗೆ ಅದನ್ನು ತೆರೆಯುವುದಿಲ್ಲ. ಬೀಗದ ಕೈಯನ್ನು ಮಾತ್ರ ನಾವು ಇಟ್ಟುಕೊಳ್ಳದೆ ಗುಮಾಸ್ತೆಯ ಕೈಗೆ ಕೊಟ್ಟಿದ್ದೇವೆ.